ಹಸಿ ಬಣ್ಣ

"ಮುಟ್ಬೇಡ. ಬಣ್ಣ ಇನ್ನೂ ಹಸಿ."

ಅಶ್ವತ್ಥಪ್ಪ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಜಗುಲಿಯ ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ಬಂದೂಕನ್ನು ಮಲಗಿಸಿ ಅವನ ಹೆಂಡತಿ ವರಲಕ್ಷ್ಮಮ್ಮ ಕೂತಿದ್ದಳು. ನಳಿಗೆಯ ಮೇಲೆ ಕೊರೆದಿದ್ದ ನಂಬರಿಗೆ ಬಿಳಿ ಬಣ್ಣ ಸವರಿ, ಬೆರಳಿನಿಂದ ಗೀರುಗಳೊಳಕ್ಕೆ ಒತ್ತಿ, ಮೇಲೆ ಉಳಿದದ್ದನ್ನು ಥಿನ್ನರ್ ಬಟ್ಟೆಯಿಂದ ಹಗುರಾಗಿ ಒರೆಸುತ್ತಿದ್ದಳು. ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬರುತ್ತಿತ್ತು. ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಅವಳ ಕೆಲಸವೇ ಅದು. ಯಂತ್ರಗಳ ಹೆಸರುಫಲಕಕ್ಕೆ ಅಕ್ಷರ, ನಂಬರು ಕೊರೆಯುವುದು, ಕೊರೆದದ್ದಕ್ಕೆ ಬಣ್ಣ ತುಂಬುವುದು.

"ಇದಕ್ಯಾಕೆ ಇಷ್ಟು ಸಿಂಗಾರ? ಮದ್ವೆಗೆ ಕಳಿಸ್ತಿದೀಯಾ?"

"ಎಲೆಕ್ಷನ್ ಮುಗಿಯೋಗಂಟ ಠಾಣೇಲಿರ್ತದೆ. ಊರೋರ್ದೆಲ್ಲಾ ಒಂದೇ ಮೂಲೇಗೆ ರಾಶಿ ಹಾಕ್ತಾರೆ. ಹೋದ್ಸಾರಿ ಅದಲುಬದಲಾಗಿ ಎಷ್ಟು ಅಲೆದೆ, ಮರೆತ್ಯಾ?"

ಅಶ್ವತ್ಥಪ್ಪ ಮರೆತಿರಲಿಲ್ಲ. ಆದರೆ ಈ ಸಲ ಬಂದೂಕನ್ನು ಒಪ್ಪಿಸಲು ಅವನಿಗೆ ಮನಸ್ಸೇ ಇರಲಿಲ್ಲ. ಯಾಕೆಂದು ಸೂಳಗಿರಿ ಸುತ್ತಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಹೋದ ವರ್ಷ ರಾಗಿ ತೆನೆ ಕಟ್ಟುವ ಕಾಲದಲ್ಲಿ ಅವರ ಒಬ್ಬನೇ ಮಗ ಕುಮಾರೇಶ ಕರು ಹುಡುಕಿಕೊಂಡು ಪಕ್ಕದ ಸೊಣ್ಣಪ್ಪನ ಹೊಲದ ಕಡೆ ಹೋಗಿದ್ದ. ಹಂದಿ ಬರುತ್ತವೆಂದು ಸೊಣ್ಣಪ್ಪ ಬೇಲಿಯ ತಂತಿಗೆ ಕಂಬದಿಂದ ನೇರವಾಗಿ ಕರೆಂಟು ಕೊಟ್ಟಿದ್ದ. ಪೊಲೀಸರು ಬರುವಷ್ಟರಲ್ಲಿ ತಂತಿ ಮಾಯವಾಗಿತ್ತು. ನೋಡಿದವರು ನೋಡಿಲ್ಲವೆಂದರು. ಹುಡುಗ ಪಂಪಿನ ಮೋಟರು ಮುಟ್ಟಿ ಸತ್ತನೆಂದು ಕೇಸು ಮುಗಿಯಿತು. ನಾಲ್ಕು ಮೂಟೆ ರಾಗಿಗೆ ಒಂದು ಜೀವ. ಈ ವರ್ಷ ಅದೇ ಬೇಲಿಗೆ ಅದೇ ತಂತಿ ಮತ್ತೆ ಬಂದಿತ್ತು. ಹಾಲಿನ ಡೇರಿಯಲ್ಲಿ ಎದುರಾದರೆ ಸೊಣ್ಣಪ್ಪ ಊಟ ಆಯಿತಾ ಎಂದು ಕೇಳುವಷ್ಟು ನಾಚಿಕೆಗೆಟ್ಟವನಾಗಿದ್ದ.

ಅವನಿಗೆ ಗುಂಡು ಹೊಡೆದೇ ಸಾಯುತ್ತೇನೆ ಎಂದು ಅಶ್ವತ್ಥಪ್ಪ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದ. ಅಂದೇ ವರಲಕ್ಷ್ಮಮ್ಮ ಬಂದೂಕನ್ನು ಎಲ್ಲೋ ಬಚ್ಚಿಟ್ಟಳು. ಆಮೇಲೆ ಅವನು ಅದನ್ನು ಕಣ್ಣಿನಿಂದ ನೋಡಿದ್ದು ಈ ಬೆಳಿಗ್ಗೆಯೇ.

"ನಿಮ್ಮಪ್ಪ ಇಂಥದ್ದೇ ಬಂದೂಕನ್ನ ಲೈಸೆನ್ಸಿಲ್ದೆ ಸಾಯೋಗಂಟ ಇಟ್ಕೊಂಡಿದ್ದ. ಲೈಸೆನ್ಸಿರೋನು ನಾನು ಹೆದರ್ಬೇಕಾ?" ಎಂದ.

"ನಮ್ಮಪ್ಪ ಟೀ ಅಂಗಡೀಲಿ ಬಾಯಿ ಬಿಡ್ತಿರ್ಲಿಲ್ಲ." ಅವಳು ತಲೆ ಎತ್ತಲಿಲ್ಲ. "ಸೊಣ್ಣಪ್ಪಂಗೆ ಮುಳ್ಳು ಚುಚ್ಚಿದ್ರೂ ಪೊಲೀಸ್ನೋರು ಮೊದ್ಲು ಬರೋದು ನಮ್ಮನೇಗೆ. ಮಗ ಹೋದ. ನೀನೂ ಜೈಲಿಗೆ ಹೋದ್ರೆ ನಾನು ಯಾರ ಮುಖ ನೋಡ್ಕೊಂಡಿರ್ಲಿ?"

ಅವನು ಎದ್ದು ಅಂಗಿ ಹಾಕಿಕೊಂಡ.

ಬಸ್ಸಿನಲ್ಲಿ ಬಂದೂಕು ಅವಳ ತೊಡೆಯ ಮೇಲೆಯೇ ಇತ್ತು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಸುಬ್ರಮಣಿ ಕೈ ಚಾಚಿದಾಗ ಅವಳು ತಡೆದಳು. "ಅಣ್ಣಾ, ಬಣ್ಣ ಹಸಿ ಅದೆ. ಕೈಗೆ ಮೆತ್ಕೊಂತದೆ."

ಸುಬ್ರಮಣಿ ನಗುತ್ತಾ ದೂರದಿಂದಲೇ ನಂಬರು ಓದಿದ, ಲೈಸೆನ್ಸಿನ ಜೊತೆ ತಾಳೆ ನೋಡಿದ. "ಕನ್ನಡಕಾನೇ ಬೇಡಮ್ಮಾ. ಎಲ್ರೂ ಇಂಗೇ ತಂದ್ರೆ ನಂಗೆ ಎಷ್ಟು ಸುಲಬ." ಹಿಡಿಯ ತುದಿಗೆ ಚೀಟಿ ಕಟ್ಟಿ, ಅಲ್ಲೇ ಹಿಡಿದು ಮೂಲೆಗೆ ಒರಗಿಸಿ, ರಸೀದಿ ಕೊಟ್ಟ. ಅಶ್ವತ್ಥಪ್ಪನಿಗೆ ಎರಡೂ ಕೈ ಕಡಿದುಕೊಟ್ಟು ಬಂದ ಹಾಗಾಯಿತು.

ಮತದಾನದ ದಿನ ಇನ್ನೂ ಬಂದಿರಲಿಲ್ಲ. ಒಂದು ಬೆಳಗಿನ ಜಾವ ಬೇಲಿಯ ಕರೆಂಟು ತೆಗೆಯಲು ಹೋದ ಸೊಣ್ಣಪ್ಪ ತನ್ನ ಬೇಲಿಯ ಬುಡದಲ್ಲೇ ಗುಂಡೇಟಿಗೆ ಸತ್ತು ಬಿದ್ದ. ಸದ್ದು ಕೇಳಿದವರು ಹಂದಿಗೆ ಪಟಾಕಿ ಹೊಡೆದರೆಂದುಕೊಂಡರು. ಅಶ್ವತ್ಥಪ್ಪ ಹಾಲು ಹಾಕಲು ಡೇರಿಯ ಸಾಲಿನಲ್ಲಿ ನಿಂತಿದ್ದ. ವರಲಕ್ಷ್ಮಮ್ಮ ಕಂಪನಿ ವ್ಯಾನು ಹಿಡಿಯಲು ಎಂದಿನಂತೆ ಕತ್ತಲಲ್ಲೇ ಹೊಲದ ಹಾದಿ ಹಿಡಿದಿದ್ದಳು.

ಇನ್‌ಸ್ಪೆಕ್ಟರ್ ಸೆಲ್ವಿ ನೇರ ಅಶ್ವತ್ಥಪ್ಪನ ಮನೆಗೇ ಬಂದಳು. ಅಟ್ಟ, ಕಣಜ, ಹಾಸಿಗೆ ಎಲ್ಲ ತೆಗೆಸಿದಳು. ಏನೂ ಸಿಗಲಿಲ್ಲ. ಅವನನ್ನು ಕೂರಿಸಿಕೊಂಡು ಕೇಳಿದ್ದನ್ನೇ ಕೇಳಿದಳು. ಅವನು ರಸೀದಿ ತೋರಿಸಿದ. ಡೇರಿಯವರು ಸಾಕ್ಷಿ ಹೇಳಿದರು. ಅವಳಿಗೆ ಆಗಲೂ ನಂಬಿಕೆ ಬರಲಿಲ್ಲ, ಠಾಣೆಗೆ ಹೋಗಿ ಬಂದೂಕನ್ನು ಕಣ್ಣಾರೆ ನೋಡಿಕೊಂಡು ಸಂಜೆ ಮತ್ತೆ ಬಂದಳು.

"ನಳಿಗೆಯೊಳಗೆ ಜೇಡ ಬಲೆ ಕಟ್ಟಿದೆ," ಎಂದಳು. ಆಗಷ್ಟೇ ಕೆಲಸದಿಂದ ಬಂದಿದ್ದ ವರಲಕ್ಷ್ಮಮ್ಮನ ಕಡೆ ತಿರುಗಿದಳು. "ಒಳ್ಳೇ ಕೆಲಸ ಮಾಡಿದ್ರಿ ಅಮ್ಮಾ. ಅದು ಮನೇಲಿದ್ದಿದ್ರೆ ಈಗ ನಿಮ್ಮ ಯಜಮಾನ್ರು ನನ್ನ ಜೀಪಿನಲ್ಲಿರ್ತಿದ್ರು."

"ಅದಕ್ಕೇ ಕೊಡಿಸಿದ್ದು ಮೇಡಂ," ಎಂದಳು ವರಲಕ್ಷ್ಮಮ್ಮ.

ಜೀಪು ಹೊರಟ ಮೇಲೆ ಅಶ್ವತ್ಥಪ್ಪ ಗೋಡೆಗೆ ಒರಗಿ ಕೂತ. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ಮಗ ಹೋದ ಮೇಲೆ ಮೊದಲ ಸಲ ಎದೆ ಹಗುರಾಗಿತ್ತು. ತಾನು ಮಾಡಬೇಕಾದ್ದನ್ನು ಇನ್ಯಾರೋ ಮಾಡಿದರಲ್ಲ ಎಂಬ ಸಂಕಟವೂ ಇತ್ತು.

"ಯಾವ ಪುಣ್ಯಾತ್ಮನೋ ಕಣೇ. ಸಿಕ್ಕಿದ್ರೆ ಕಾಲು ತೊಳ್ದು ನೀರು ಕುಡೀತೀನಿ."

ವರಲಕ್ಷ್ಮಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ.

"ಕಾಲು ಆಮೇಲೆ ತೊಳಿಯೋವಂತೆ. ಮೊದ್ಲು ತಿಪ್ಪೇಲಿರೋ ನಿನ್ನ ತುಪಾಕಿ ತಗೊಂಡೋಗಿ ಹಾಳುಬಾವಿಗೆ ಹಾಕಿ ಬಾ. ಠಾಣೇಲಿರೋದು ನಮ್ಮಪ್ಪಂದು."