ಪ.ಹೆ. ಹನ್ನೆರಡು

ಬೇಸಿಗೆಯ ಬಿಸಿಲಿಗೆ ಕಾದ ಹೊಳೆ ಮರಳಿನ ಮೇಲೆ ಅವನನ್ನು ಕೆಡವಿ ಬಡಿದಿದ್ದರು. ಬಾಯಿಂದ ರಕ್ತ ಸುರಿಯುತ್ತಿತ್ತು. ಅವನ ಟಿಪ್ಪಣಿ ಪುಸ್ತಕ ಮರಳು ಲಾರಿಗಳ ಧಣಿಯ ಕೈಯಲ್ಲಿತ್ತು.

"ನಿನ್ನೆ ತಾರೀಖಿಗೆ 'ಹೊಳೆದಂಡೆ, ಪ.ಹೆ. ಹನ್ನೆರಡು.' ಏನಲೇ ಇದು? ನಮ್ಮ ಲಾರಿ ಎಣಿಸಾಕ ಯಾರು ಕಳಿಸ್ಯಾರ ನಿನ್ನ?"

"ಹಕ್ಕಿ ಹೆಸರು ರೀ ಧಣಿ! ಪೂರ್ತಿ ಬರಿಯಾಕ ಹೊತ್ತಿರಂಗಿಲ್ಲ, ಅದಕ್ಕ ಹಿಂಗ ಬರೀತೀವಿ. ಪ.ಹೆ. ಅಂದ್ರ ಪಟ್ಟೆತಲೆ ಹೆಬ್ಬಾತು."

ಬಡಿಗೆ ಎತ್ತಿದ್ದ ಆಳನ್ನು ಧಣಿ ತಡೆದ. ಬಿದ್ದವನನ್ನು ಎಬ್ಬಿಸಿ ಕೂರಿಸಿ, ತಾನೇ ನೀರು ಕುಡಿಸಿದ.

"ಮೊದಲ ಹೇಳಬಾರದೇನೋ ತಮ್ಮಾ? ನನಗೂ ಹಕ್ಕಿ ಹುಚ್ಚು. ಹೆಬ್ಬಾತು ನೋಡಾಕ ಚಳಿಗಾಲದಾಗ ದಿನಾ ಇಲ್ಲೇ ಬಂದು ಕುಂದರತೀನಿ."

ಏಟು ತಿಂದವನು ನೆಮ್ಮದಿಯ ನಿಟ್ಟುಸಿರು ಬಿಟ್ಟ.

"ಚಳಿ ಹೋತಂದ್ರ ಅವೂ ಹೋಗಿಬಿಡ್ತಾವು. ಬ್ಯಾಸಿಗ್ಯಾಗ ಒಂದೂ ಇರಂಗಿಲ್ಲ," ಎನ್ನುತ್ತ ಧಣಿ ಆಳಿನ ಕೈಯಿಂದ ಬಡಿಗೆ ಇಸಿದುಕೊಂಡ.