ಸೀಟಿನ ಎತ್ತರ

ಬೆಟ್ಟದ ಕಲ್ಲುಹಾದಿಯನ್ನು ಸೈಕಲ್ಲಿನಲ್ಲಿ ಹತ್ತಿ ಇಳಿಯುವಷ್ಟರಲ್ಲಿ ಅವನ ಮಂಡಿ ಎಂದಿನಂತೆ ಕೈಕೊಟ್ಟಿತ್ತು. ಭಾನುವಾರ ಬಂತೆಂದರೆ ಇದೇ ಪಾಡು. ಕುಂಟುತ್ತ ಸೈಕಲ್ ತಳ್ಳಿಕೊಂಡು ಬಂದು, ಪರಿಚಯದ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಉಸ್ಸಪ್ಪಾ ಎಂದು ಕುಳಿತ.

ಅಂಗಡಿಯವನು ಸೈಕಲ್ ನೋಡಿ ಹಣೆ ಚಚ್ಚಿಕೊಂಡ. "ಸೀಟು ಮತ್ತೆ ಎರಡು ಇಂಚು ಇಳಿದಿದೆಯಲ್ಲ ಸಾರ್! ಹೋದ ವಾರ ತಾನೇ ಏರಿಸಿ ಕೊಟ್ಟಿದ್ದೆ. ಕಾಲು ಪೂರ್ತಿ ಚಾಚದೆ ಪೆಡಲ್ ತುಳಿದ್ರೆ ಮಂಡಿ ನೋಯದೆ ಇನ್ನೇನಾಗುತ್ತೆ? ಮನೇಲಿ ಯಾರಾದ್ರೂ ಮುಟ್ತಾರಾ?"

"ಮನೇಲಿ ಇರೋದು ನಾನು, ನನ್ನ ಹೆಂಡ್ತಿ ಇಬ್ರೇ."

"ಮೇಡಂ ಬೈಯಲ್ವಾ, ಈ ಕಾಲಿಟ್ಕೊಂಡು ಬೆಟ್ಟಕ್ಕೆ ಹೋಗ್ತೀರಲ್ಲ?"

"ಅವಳು ನನ್ನ ಹತ್ರ ಮಾತು ಬಿಟ್ಟು ಒಂದು ವರ್ಷ ಆಯ್ತಪ್ಪ. ಮಂಡಿಗೆ ಎಣ್ಣೆ ತಿಕ್ಕೋವಾಗ ಮಾತ್ರ ಬಾಯಿ ತುಂಬ ಬೈತಾಳೆ."

ಅಂಗಡಿಯವನು ನಗುತ್ತ ಸೀಟು ಏರಿಸಿ, ನಟ್ಟನ್ನು ಬಿಗಿಯಾಗಿ ತಿರುಗಿಸಿದ. "ಇನ್ನು ನೋವು ಹತ್ತಿರ ಸುಳಿಯಲ್ಲ, ಹೋಗಿ ಬನ್ನಿ."

ಮನೆಯ ತಿರುವಿನಲ್ಲಿ ಅವನು ಸೈಕಲ್ ನಿಲ್ಲಿಸಿ, ಆಚೀಚೆ ನೋಡಿ, ಜೇಬಿನಿಂದ ಸ್ಪ್ಯಾನರ್ ತೆಗೆದು ಸೀಟನ್ನು ಮತ್ತೆ ಎರಡು ಇಂಚು ಇಳಿಸಿದ.