ಕೂಡಿಬಾರದ ದಿನ

ಹೊಸ ಮನೆಯ ಬಣ್ಣ ಒಣಗಿ ಐದು ತಿಂಗಳಾಗಿತ್ತು. ಗೃಹಪ್ರವೇಶಕ್ಕೆ ಮಾತ್ರ ದಿನ ಕೂಡಿಬರುತ್ತಿರಲಿಲ್ಲ. ಆಷಾಢ ಅಡ್ಡ ಬಂತು, ಆಮೇಲೆ ಪಿತೃಪಕ್ಷ. ಈಗ ಯಜಮಾನರಿಗೆ ಗುರುಬಲ ಸಾಲದು ಎಂದಿದ್ದರು ಜೋಯಿಸರು.

ಬಾಡಿಗೆಯ ಒಂದೇ ಕೋಣೆಯಲ್ಲಿ, ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಅಡ್ಡಡ್ಡ ನಡೆದು ಅಡುಗೆ ಮಾಡುವಷ್ಟರಲ್ಲಿ ಮಾಲಿನಿಗೆ ಸಾಕುಸಾಕಾಗುತ್ತಿತ್ತು. ಗಂಡ ಚಿದಂಬರ ಮಾತ್ರ ಹಾಯಾಗಿದ್ದ. ದಿನಾ ಕೋಳಿ ಕೂಗುವ ಹೊತ್ತಿಗೇ ಸೈಕಲ್ ಹತ್ತಿ ಕೆರೆ ಸುತ್ತಲು ಹೊರಟುಬಿಡುತ್ತಿದ್ದ.

"ಇನ್ನೊಂದು ತಿಂಗಳು ತಡ್ಕೊಳ್ಳೇ. ಶಾಸ್ತ್ರ ಮೀರೋಕಾಗುತ್ತಾ?"

"ನಿಮಗೇನ್ರೀ, ಕಾಲು ಪೆಡಲ್ ಮೇಲಿರುತ್ತೆ. ನೆಲದ ಮೇಲೆ ಕಾಲಿಡೋಕೆ ಜಾಗ ಇಲ್ಲದಿರೋದು ನನಗೆ!"

ಅಂದೇ ಅವಳು ಪಂಚಾಂಗ ಹಿಡಿದು ಜೋಯಿಸರ ಮನೆ ಬಾಗಿಲಲ್ಲಿ ನಿಂತಳು. "ಬರೋ ಗುರುವಾರ ಪ್ರಶಸ್ತ ಅಂತ ಇದರಲ್ಲೇ ಅಚ್ಚಾಗಿದೆ. ಏನು ದೋಷ ಇದೆ, ಹೇಳಿ."

ಜೋಯಿಸರು ಪಂಚಾಂಗದ ಕಡೆ ನೋಡಲೇ ಇಲ್ಲ. ಶಲ್ಯದ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು.

"ದೋಷ ಏನೂ ಇಲ್ಲಮ್ಮ. ನೀವು ಊರಿನ ಆ ಮೂಲೆಗೆ ಹೋಗ್ಬಿಟ್ರೆ, ಬೆಳಿಗ್ಗೆ ನಿಮ್ಮೆಜಮಾನ್ರಿಲ್ಲದೆ ನಾನೊಬ್ಬನೇ ಎಷ್ಟು ದೂರ ಅಂತ ಸೈಕಲ್ ತುಳೀಲಿ?"